ಮೂರು ತಲೆಗೆ ಒಂದು ಪ್ಯಾಕೆಟ್

ಫಾರಂ ಅಕ್ಕನಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ, ನಡಿಗೆ ಜೋರಾಗುತ್ತದೆ. ಶಾಂಪೂ ಪ್ಯಾಕೆಟ್ಟಿನ ಆ ಒಂದು ವರ್ಷದಲ್ಲಿ ಅವಳು ಎರಡು ಜೊತೆ ಚಪ್ಪಲಿ ಸವೆಸಿದಳು. ಅವಳ ಗಂಡ ಮಿಕ್ಸಿ ರಿಪೇರಿ ಮಾಡುವವನು, ತಣ್ಣನೆಯ ಮನುಷ್ಯ. ಮೂರನೆಯ ಜೊತೆ ತಂದುಕೊಟ್ಟು, "ಸಿಟ್ಟು ಕಂಪನಿ ಮೇಲೆ, ಸವೆಯೋದು ಮಾತ್ರ ನಮ್ಮನೆ ಚಪ್ಪಲಿ" ಅಂದ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅಂದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು.

ಅವಳ ಕೆಲಸ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು. ಯಾವ ಸೋಪು ಹಾಕುತ್ತೀರಿ, ಯಾಕೆ ಅದೇ, ಹೋದ ತಿಂಗಳು ಯಾವುದಿತ್ತು, ಯಾಕೆ ಬಿಟ್ಟಿರಿ, ಹೊಸ ಜಾಹೀರಾತಿನಲ್ಲಿ ಆ ಹುಡುಗಿ ಹಾಕಿಕೊಂಡ ಬಟ್ಟೆಯ ಬಣ್ಣ ನೆನಪಿದೆಯೇ. ಇಪ್ಪತ್ತೈದನೆಯ ವಯಸ್ಸಿಗೆ ಸೇರಿದ್ದು, ಈಗ ಐವತ್ತೊಂದು. ಆಗ ಕಾಗದದ ಫಾರಂ, ಮೂಲೆಯಲ್ಲಿ ಗುಂಡುಸೂಜಿ. ಈಗ ಕೈಯಲ್ಲಿ ಟ್ಯಾಬ್. ಆದರೂ ಬೀದಿಯವರ ಬಾಯಲ್ಲಿ ಅವಳು ಫಾರಂ ಅಕ್ಕನೇ. ಅವಳು ಬಂದಳೆಂದರೆ ಹೆಂಗಸರು ಒಲೆ ಸಣ್ಣಗೆ ಮಾಡಿ ಬಂದು, ಸೋಪಿನ ಜೊತೆಗೆ ಅತ್ತೆ, ಗಂಡ, ಮೊಣಕಾಲು ನೋವು ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಸೋಪಿನದನ್ನು ಬರೆದುಕೊಂಡು ಉಳಿದದ್ದನ್ನು ಅವಳು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತಿದ್ದಳು.

ಇಷ್ಟ ಬಂದ ಮನೆಗೆ ನುಗ್ಗುವ ಹಾಗಿಲ್ಲ. ಆಫೀಸು ಒಂದು ಗುರುತು ಕೊಡುತ್ತದೆ, ನೀರಿನ ಟ್ಯಾಂಕೋ ಔಷಧಿ ಅಂಗಡಿಯೋ. ಅಲ್ಲಿಂದ ಬಲಕ್ಕೆ ಹೊರಟು ಪ್ರತಿ ನಾಲ್ಕನೆಯ ಬಾಗಿಲು ತಟ್ಟಬೇಕು. ನಾಯಿ ಇರಲಿ, ಮೂರು ಮಹಡಿ ಮೆಟ್ಟಿಲಿರಲಿ, ಒಳಗೆ ಗಂಡ ಹೆಂಡತಿ ಪಾತ್ರೆ ಎಸೆದಾಡುತ್ತಿರಲಿ, ನಾಲ್ಕನೆಯದು ಅಂದರೆ ನಾಲ್ಕನೆಯದೇ. ಇದನ್ನು ಪಾಲಿಸುವವರು ಕಡಿಮೆ. ಜೊತೆಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಕ್ಯಾಂಟೀನಿನಲ್ಲಿ ಚಹಾ ಹೀರುತ್ತ, ಇಲ್ಲದ ಮನೆಗಳ ಇಲ್ಲದ ಗೃಹಿಣಿಯರಿಂದ ಉತ್ತರ ಪಡೆದು ಮಧ್ಯಾಹ್ನದೊಳಗೆ ಇಪ್ಪತ್ತು ಫಾರಂ ತುಂಬಿ ಕೈ ತೊಳೆದುಕೊಳ್ಳುತ್ತಿದ್ದರು. ಫಾರಂ ಅಕ್ಕ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಉತ್ತರವನ್ನೂ ತಾನಾಗಿ ಬರೆದವಳಲ್ಲ. ಅವಳಿಗೆ ಇದ್ದ ಒಂದೇ ಗರ್ವ ಅದು. ಬಡ್ತಿ ಇಲ್ಲ, ಬಿರುದಿಲ್ಲ, ಗರ್ವವಾದರೂ ಬೇಡವೇ?

ಈ ಕಂಪನಿಗಳ ಪಾಡು ಹೇಳತೀರದು. ಹಸಿರು ಪ್ಯಾಕೆಟ್ಟಿನವರು ಹೊಸ ವಾಸನೆ ತಂದರೆ ನೀಲಿ ಪ್ಯಾಕೆಟ್ಟಿನವರಿಗೆ ಅನ್ನ ಸೇರುವುದಿಲ್ಲ. ನೀಲಿಯವರು ನಾಲ್ಕು ಕೊಂಡರೆ ಒಂದು ಉಚಿತ ಎಂದರೆ ಕೆಂಪಿನವರ ಎದೆ ಡವಡವ. ಆರು ತಿಂಗಳಿಗೊಂದು ಬಣ್ಣ, ವರ್ಷಕ್ಕೊಬ್ಬಳು ಹೊಸ ನಟಿ, ಯಾವುದೋ ಹೂವಿನ ಸಾರ, ಯಾವುದೋ ಹಣ್ಣಿನ ಶಕ್ತಿ. ಒಳಗಿನ ದ್ರವ ಮಾತ್ರ ಹೆಚ್ಚು ಕಡಿಮೆ ಅದೇ. ಹೆಂಗಸರಿಗೂ ಅದು ಗೊತ್ತು. ಇಷ್ಟು ಓಡುವವರಿಗೆ ಗೊತ್ತಿಲ್ಲದ್ದು ಒಂದೇ, ಆ ಹೆಂಗಸರ ತಲೆಯೊಳಗೆ ಏನಿದೆ ಅನ್ನುವುದು. ಅದನ್ನು ತಿಳಿಯಲು ಮೂರು ಬಣ್ಣದವರೂ ಬೇರೆ ಬೇರೆ ಹೊತ್ತಿನಲ್ಲಿ ಅದೇ ಸರ್ವೆ ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ಮೂವರಿಗಾಗಿಯೂ ಬಿಸಿಲಿಗೆ ಇಳಿಯುವವಳು ಫಾರಂ ಅಕ್ಕ.

ಭಾನುವಾರ ಮಾತ್ರ ಅವಳು ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ತಂಗಿಯ ಮನೆಗೆ ಹೋಗುತ್ತಿದ್ದಳು, ಅಲ್ಲಿ ತಟ್ಟುವ ಅಗತ್ಯವಿರಲಿಲ್ಲ. ಅಮ್ಮ ಹೋದಾಗ ತಂಗಿಗೆ ಒಂಬತ್ತು ವರ್ಷ. ಜಡೆ ಹಾಕಿದ್ದು, ಹೇನು ತೆಗೆದದ್ದು, ಶಾಲೆಗೆ ಸೇರಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಈಗ ತಂಗಿ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಾಳೆ. ಅವಳ ಗಂಡ ಲಾರಿ ಹತ್ತಿದರೆ ಹದಿನೈದು ದಿನಕ್ಕೊಮ್ಮೆ ಇಳಿಯುವವನು. ಇಬ್ಬರು ಹೆಣ್ಣುಮಕ್ಕಳು. ಫಾರಂ ಅಕ್ಕನಿಗೆ ಮಕ್ಕಳಿಲ್ಲ. ತಂಗಿಯ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಆ ನಾಲ್ಕು ಗಂಟೆಗಾಗಿಯೇ ಅವಳು ಉಳಿದ ಆರು ದಿನ ನಡೆಯುತ್ತಿದ್ದಳು ಎಂದರೂ ತಪ್ಪಿಲ್ಲ.

ಅಂಥದೊಂದು ಭಾನುವಾರ ತಂಗಿ ಮಕ್ಕಳಿಗೆ ತಲೆಸ್ನಾನ ಮಾಡಿಸುತ್ತಿದ್ದಳು. ಬಚ್ಚಲ ಬಾಗಿಲು ಅಡುಗೆಮನೆಗೇ ತೆರೆಯುತ್ತದೆ, ಎಲ್ಲ ಕಾಣುತ್ತದೆ. ತಂಗಿ ಹಸಿರು ಪ್ಯಾಕೆಟ್ಟಿನ ಒಂದು ಮೂಲೆಯನ್ನು ಕತ್ತರಿಯ ತುದಿಯಿಂದ ಸಾಸಿವೆ ಕಾಳಿನಷ್ಟು ಕತ್ತರಿಸಿದಳು. ದೊಡ್ಡವಳ ತಲೆಗೆ ಹತ್ತು ತೊಟ್ಟು, ಬಾಯಿ ಬಿಟ್ಟು ಎಣಿಸಿ. ತಕ್ಷಣ ಮೂಲೆ ಮಡಚಿ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿದಳು. ದೊಡ್ಡವಳು ಹೋಗಿ ಚಿಕ್ಕವಳು ಬಂದಳು, ಕ್ಲಿಪ್ ತೆಗೆದು ಇನ್ನು ಹತ್ತು ತೊಟ್ಟು. ಕೊನೆಗೆ ಪ್ಯಾಕೆಟ್ಟಿನೊಳಗೆ ಚಮಚದಿಂದ ನೀರು ಬಿಟ್ಟು, ಬೆರಳಲ್ಲಿ ಬಾಯಿ ಮುಚ್ಚಿ ಕುಲುಕಿ, ಬಂದ ನೊರೆಯನ್ನೆಲ್ಲ ತನ್ನ ತಲೆಗೆ ಸುರಿದುಕೊಂಡಳು.

"ಏನೇ ಇದು, ಔಷಧಿ ಅಂಗಡಿಯವ್ರೂ ಹೀಗೆ ಎಣ್ಸಲ್ಲ" ಅಂದಳು ಅಕ್ಕ.

"ಎಣಿಸ್ದೆ? ಇವಳ ತಲೆಗೇ ಸುರಿದ್ರೆ ಇನ್ನೊಬ್ಬಳು ಬಟ್ಟೆ ಸೋಪಲ್ಲಿ ತೊಳ್ಕೋಬೇಕು. ಆಮೇಲೆ ಇವರಿಬ್ಬರ ಜಗಳ ಬಿಡ್ಸೋಕೆ ನೀನೇ ಬಂದು ಕೂತ್ಕೊ."

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತಾನು ಸಾಕಿದ ಹುಡುಗಿಯ ಬುದ್ಧಿಗೆ ಅವಳಿಗೆ ಹೆಮ್ಮೆಯಾಯಿತು. ಮರುದಿನ ಆದ ಎಡವಟ್ಟಿಗೆ ಈ ಹೆಮ್ಮೆಯೇ ಕಾರಣ.

ಮರುದಿನ ಆಫೀಸಿಗೆ ಹಸಿರು ಕಂಪನಿಯ ಹೊಸ ಮ್ಯಾನೇಜರ್ ಬಂದಿದ್ದ. ಏಷ್ಯಾದ ನಾಲ್ಕು ದೇಶಗಳಲ್ಲಿ ಸೋಪು, ಶಾಂಪೂ ಮಾರಿ ಬಂದವನಂತೆ. ಬಿಳಿ ಬೋರ್ಡಿನ ಮೇಲೆ ಏನೇ ಬರೆದರೂ ಪಕ್ಕದಲ್ಲೊಂದು ಬಾಣ ಎಳೆಯುತ್ತಿದ್ದ. ಮಧ್ಯಾಹ್ನದ ಊಟದೊಳಗೆ ಹೆಂಗಸರು ಅವನಿಗೆ ಬಾಣದ ಸಾಹೇಬ ಎಂದು ಹೆಸರಿಟ್ಟಾಗಿತ್ತು.

"ಫಾರಂ ಬಿಡಿ" ಅಂದ ಅವನು. "ಫಾರಂ ನೀಲಿಯವರ ಹತ್ರಾನೂ ಇದೆ. ಇಲ್ಲಿ ಜನ ಬದಲಾಗೋ ಸ್ಪೀಡಿಗೆ ನಾವು ಫಾರಂ ಓದಿ ಮುಗ್ಸೋದ್ರೊಳಗೆ ಅವ್ರು ಬೇರೆ ಆಗಿರ್ತಾರೆ. ಫಾರಂನಲ್ಲಿ ಇಲ್ಲದ್ದು ಹೇಳಿ. ನೀವು ಕಣ್ಣಾರೆ ನೋಡಿದ್ದು." ಆಮೇಲೆ ನೇರ ಅವಳ ಕಡೆ ತಿರುಗಿದ. "ಮೇಡಂ, ನೀವು ಎಲ್ಲರಿಗಿಂತ ಸೀನಿಯರ್. ನೀವು ಹೇಳಿ."

ಇಪ್ಪತ್ತಾರು ವರ್ಷ ಊರವರನ್ನೆಲ್ಲ ಕೇಳಿದವಳನ್ನು ಅವತ್ತಿನವರೆಗೆ ಯಾರೂ ಏನೂ ಕೇಳಿರಲಿಲ್ಲ. ಹೊಗಳಿಕೆಗೆ ಹಸಿದವರ ಬಾಯಿ ಎಷ್ಟು ಸಲೀಸಾಗಿ ತೆರೆಯುತ್ತದೆ ಎಂದು ಅವನಿಗೆ ಚೆನ್ನಾಗಿ ತಿಳಿದಿತ್ತು. ಅವಳು ಎದ್ದು ನಿಂತು ಎಲ್ಲ ಹೇಳಿದಳು. ಸಾಸಿವೆ ಕಾಳಿನ ತೂತು, ಹತ್ತು ತೊಟ್ಟು, ಕ್ಲಿಪ್ಪು, ಕೊನೆಯ ನೊರೆ. ಎರಡು ಬೆರಳಲ್ಲಿ ಕ್ಲಿಪ್ ಸಿಕ್ಕಿಸುವುದನ್ನೂ ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಬಾಣದ ಸಾಹೇಬ ನಗಲಿಲ್ಲ. ಬೋರ್ಡಿನ ಮೇಲೆ ಒಂದು ಪ್ಯಾಕೆಟ್, ಮೂರು ತಲೆ ಬರೆದು, ನಡುವೆ ಬಾಣ ಎಳೆದು, ಸುಮಾರು ಹೊತ್ತು ನೋಡುತ್ತ ನಿಂತ. ಆಮೇಲೆ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಸಂಜೆ ಅವಳು ಮನೆಗೆ ಹೋದದ್ದು ಗಾಳಿಯಲ್ಲಿ ತೇಲುತ್ತ.

ಇಲ್ಲಿ ಅವಳ ತಪ್ಪೊಂದಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾವುದೇ ಸರ್ವೆಯಾದರೂ ಫಾರಂನ ಮೊದಲ ಪ್ರಶ್ನೆ ಒಂದೇ: ನಿಮ್ಮ ಮನೆಯವರಾಗಲಿ ಹತ್ತಿರದ ನೆಂಟರಾಗಲಿ ಯಾರಾದರೂ ಸೋಪಿನ ಕಂಪನಿಯಲ್ಲೋ, ಜಾಹೀರಾತಿನಲ್ಲೋ, ಸರ್ವೆಯಲ್ಲೋ ಕೆಲಸ ಮಾಡುತ್ತಾರಾ? ಹೌದು ಅಂದರೆ ಅಲ್ಲಿಗೆ ಮುಗಿಯಿತು. ವಂದನೆ ಹೇಳಿ ಮುಂದಿನ ಬಾಗಿಲಿಗೆ ಹೋಗಬೇಕು. ನೆಂಟರ ಮನೆಯ ಸಂಗತಿ ಸರ್ವೆಗೆ ಬರುವ ಹಾಗಿಲ್ಲ. ಸಾವಿರಾರು ಹೊಸಿಲುಗಳ ಮುಂದೆ ನಿಂತು ಆ ಪ್ರಶ್ನೆ ಕೇಳಿದವಳು, ಉಸಿರಾಡುವಷ್ಟು ಸಲೀಸಾಗಿ ಕೇಳಿದವಳು, ತಂಗಿಯ ಬಚ್ಚಲ ಸಂಗತಿಯನ್ನು ಬೋರ್ಡಿನ ಮುಂದೆ ಹರಡುವಾಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಯಾರ ಮನೆಯಲ್ಲಿ ನೋಡಿದಿರಿ ಎಂದು ಸಾಹೇಬನೂ ಕೇಳಲಿಲ್ಲ.

ಮುಂದಿನ ವಾರವೇ ಇನ್ನೂರು ಮನೆಗಳ ಸರ್ವೆ ಬಂತು. ಅವಳು ಬಾಗಿಲು ಬಾಗಿಲಿಗೂ ಹೋದಳು, ಹೆಂಗಸರು ನಗುತ್ತ ತೋರಿಸಿದರು. ಒಬ್ಬಳದು ಬಟ್ಟೆ ಕ್ಲಿಪ್, ಒಬ್ಬಳದು ಕೂದಲ ಪಿನ್ನು, ಒಬ್ಬಳು ಮೇಣದ ಬತ್ತಿಯಿಂದ ಬಾಯಿ ಸುಟ್ಟು ಅಂಟಿಸುತ್ತಿದ್ದಳು. ತಂಗಿಯ ಮನೆಯ ಹಿಂದಿನ ಬೀದಿಯಲ್ಲಿ ಗುಂಡಿ ಅಜ್ಜಿ ಇದ್ದಳು, ದರ್ಜಿಗಳಿಂದ ಶರ್ಟು ತಂದು ಮನೆಯಲ್ಲೇ ಗುಂಡಿ ಹೊಲಿದುಕೊಡುವ ಮುದುಕಿ. "ನನಗೆ ಒಂದು ಪ್ಯಾಕೆಟ್ಟು ಒಂದು ತಿಂಗಳು ಬರುತ್ತೆ ಕಣಮ್ಮ. ಇರೋದೇ ನಾಲ್ಕು ಕೂದಲು, ಅದರಲ್ಲಿ ಎರಡು ಹೋಗೋ ಹಾಗಿವೆ" ಎಂದು ಸೂಜಿಯಿಂದ ಚುಚ್ಚಿದ ತೂತು ತೋರಿಸಿದಳು. ಎಲ್ಲವನ್ನೂ ಫಾರಂ ಅಕ್ಕ ಒಂದಕ್ಷರ ಬಿಡದೆ ಬರೆದುಕೊಂಡಳು. ಅವಳಿಗೆ ಕೆಲಸ ಚೆನ್ನಾಗಿ ಮಾಡುವುದು ಮಾತ್ರ ಗೊತ್ತಿತ್ತು, ಅದು ಯಾವನ ಕೈಗೆ ಹೋಗಿ ಏನಾಗುತ್ತದೆ ಎಂದು ಯೋಚಿಸುವ ಅಭ್ಯಾಸವಿರಲಿಲ್ಲ.

ಐದು ತಿಂಗಳಿಗೆ ಹೊಸ ಹಸಿರು ಪ್ಯಾಕೆಟ್ ಬಂತು. ಟಿ.ವಿ.ಯಲ್ಲಿ ನಟಿ ಒಂದೇ ಎಳೆತಕ್ಕೆ ಅದರ ತಲೆ ಹರಿದು, ಕೈ ತುಂಬ ಸುರಿದುಕೊಂಡು ಕೂದಲು ಬೀಸಿದಳು. ಅಂಚಿಗೆ ಸಾಲು ತೂತು ಹೊಡೆದಿದ್ದರು, ಎಲ್ಲಿ ಮುಟ್ಟಿದರೂ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ಬಾಯಿ ಎರಡು ಬೆರಳಗಲ. ಒಳಗಿನದನ್ನು ನೀರಿನಂತೆ ತೆಳ್ಳಗೆ ಮಾಡಿದ್ದರು, ಹರಿದ ಮೇಲೆ ನಿಲ್ಲುವ ಮಾತೇ ಇಲ್ಲ. ಮೂರು ವಾರದಲ್ಲಿ ಹಳೆಯದು ಅಂಗಡಿಗಳಿಂದ ಮಾಯವಾಯಿತು. ತಿಂಗಳೊಪ್ಪತ್ತಿನಲ್ಲಿ ನೀಲಿಯವರೂ ಅಂಥದೇ ತಂದರು, ಹಿಂದೆಯೇ ಕೆಂಪಿನವರು. ವರ್ಷವಿಡೀ ಒಬ್ಬರ ಕತ್ತು ಒಬ್ಬರು ಹಿಸುಕುವ ಈ ಮೂವರು, ಹೆಂಗಸರ ಕೈಯಿಂದ ಕ್ಲಿಪ್ ಕಸಿಯುವ ವಿಷಯಕ್ಕೆ ಬಂದಾಗ ಅಣ್ಣತಮ್ಮಂದಿರಾದರು.

ತಂಗಿ ಕೂಡಿಟ್ಟುಕೊಂಡಿದ್ದ ಹಳೆಯ ಪ್ಯಾಕೆಟ್ಟುಗಳು ಮುಗಿದ ಮೇಲಿನ ಭಾನುವಾರ ಫಾರಂ ಅಕ್ಕ ಎಂದಿನಂತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಬಚ್ಚಲಲ್ಲಿ ತಂಗಿ ಕತ್ತರಿಯ ತುದಿಯನ್ನು ಪ್ಯಾಕೆಟ್ಟಿನ ಮೂಲೆಗೆ ಮೆಲ್ಲಗೆ ತಾಗಿಸಿದಳು. ಅಂಚು ಪೂರ್ತಿ ಹರಿದು ಬಂತು. ಅರ್ಧ ದೊಡ್ಡವಳ ತಲೆಯ ಮೇಲೆ, ಉಳಿದರ್ಧ ತಂಗಿಯ ಬೆರಳುಗಳ ನಡುವಿನಿಂದ ನೆಲಕ್ಕೆ, ನೆಲದಿಂದ ಮೋರಿಗೆ. ಚಿಕ್ಕವಳು ಬಗ್ಗಿ ಅಂಗೈಯಿಂದ ಬಳಿಯಲು ಹೋಗಿ ಜಾರಿ ಬಿದ್ದಳು. ತಂಗಿ ಅವಳನ್ನು ಎಬ್ಬಿಸಿ ಬಟ್ಟೆ ಸೋಪು ಕೈಗೆ ಕೊಟ್ಟಳು. ಹುಡುಗಿ ಅದನ್ನೇ ತಲೆಗೆ ಉಜ್ಜಿಕೊಂಡಳು.

"ಯಾವ ಹಾಳಾದವನ ತಲೆಗೆ ಹೊಳೀತೋ ಇದು" ಅಂದಳು ತಂಗಿ. "ಅವನ ಮನೇಲಿ ಹೆಂಗಸರು ತಲೆ ತೊಳ್ಕೊಳ್ಳಲ್ವಾ?"

ಫಾರಂ ಅಕ್ಕನ ಕೈಯಲ್ಲಿದ್ದ ಚಾಕು ನಿಂತಿತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳು ಬರೆಯದ ಕೈಯ ಜೊತೆ ಸುಳ್ಳು ನುಂಗದ ಬಾಯಿಯೂ ಅವಳಿಗೆ ಅಂಟಿಕೊಂಡಿತ್ತು.

"ಅವನಲ್ಲ ಕಣೆ. ನಾನು."

ತಂಗಿ ತಮಾಷೆ ಅಂದುಕೊಂಡಳು. ಅಕ್ಕ ಬೋರ್ಡಿನಿಂದ ಚಪ್ಪಾಳೆಯವರೆಗೆ ಎಲ್ಲ ಹೇಳಿದಳು. ತಂಗಿ ನೆಲ ಒರೆಸುತ್ತಲೇ ಕೇಳಿದಳು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

"ಕ್ಲಿಪ್ ಹಾಕೋದನ್ನೂ ಮಾಡಿ ತೋರಿಸ್ದೆಯಾ?"

"ತೋರಿಸ್ದೆ."

"ಅವರೆಲ್ಲ ನಕ್ಕರಾ?"

ಅಕ್ಕ ಹೆಚ್ಚಿದ ತರಕಾರಿಯನ್ನು ತಟ್ಟೆಯ ಒಂದು ಬದಿಗೆ ಸರಿಸಿದಳು.

"ಹಾಗಾದ್ರೆ ಇಷ್ಟು ವರ್ಷ ನೀನು ಇಲ್ಲಿ ಬಂದು ಕೂರ್ತಿದ್ದಿದ್ದು ಅಕ್ಕ ಅಂತಾನೋ, ಕಂಪನಿ ಕೆಲಸಕ್ಕೋ?"

"ಏನೇ ಹಾಗಂದ್ರೆ?"

"ಕೇಳಿದ್ದಕ್ಕೆ ಉತ್ರ ಹೇಳು. ಊರಿನವ್ರನ್ನೆಲ್ಲ ನೀನು ಕೇಳಲ್ವಾ, ಹಾಗೆ."

ಅಂದು ಹೆಚ್ಚಿದ ತರಕಾರಿ ಹಾಗೇ ಉಳಿಯಿತು. ಫಾರಂ ಅಕ್ಕ ಬೀದಿಗೆ ಬಂದು ಮೂರು ಮೈಲಿ ನಡೆದೇ ಮನೆ ಸೇರಿದಳು. ಸಿಟ್ಟು ಸಾಹೇಬನ ಮೇಲಿತ್ತು, ಚಪ್ಪಾಳೆ ತಟ್ಟಿದವರ ಮೇಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಚಪ್ಪಾಳೆಗೆ ಉಬ್ಬಿಹೋದ ತನ್ನ ಮೇಲಿತ್ತು. ಆ ಅಡುಗೆಮನೆ ಹೋದರೆ ಅವಳಿಗೆ ಕಾಲು ನೀಡಿ ಕೂರಲು ಇನ್ನೊಂದು ಜಾಗ ಇರಲಿಲ್ಲ. ಅದನ್ನು ಉಳಿಸಿಕೊಳ್ಳಬೇಕು, ಏನು ಬೇಕಾದರೂ ಆಗಲಿ.

ಸೋಮವಾರ ನೇರ ಬಾಣದ ಸಾಹೇಬನ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ಆ ಮೂರು ತಲೆ ವಿಷಯ ನನ್ನ ಸ್ವಂತ ತಂಗಿ ಮನೇದು. ನಿಯಮದ ಪ್ರಕಾರ ಅದು ಬರಲೇಬಾರದು. ಅದನ್ನ ರದ್ದು ಮಾಡಿ, ಅದರ ಮೇಲೆ ಮಾಡಿದ್ದನ್ನೂ ರದ್ದು ಮಾಡಿ. ನನ್ನ ಕೆಲಸ ಹೋದ್ರೂ ಪರವಾಗಿಲ್ಲ."

ಅವನು ನಕ್ಕ. ಕೆಟ್ಟ ನಗುವಾಗಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಮಗು ಏನೋ ಮುದ್ದಾಗಿ ಮಾತಾಡಿದಾಗ ನಗುವ ಹಾಗೆ ನಕ್ಕ.

"ಮೇಡಂ, ನಿಯಮ ಇರೋದು ಸುಳ್ಳು ಬರದೆ ಇರ್ಲಿ ಅಂತ. ನೀವು ಹೇಳಿದ್ದು ನಿಜಾನೇ ಅಲ್ವಾ? ಇನ್ನೂರು ಮನೇಲಿ ನೀವೇ ನೋಡ್ಕೊಂಡು ಬಂದ್ರಿ."

"ಅವರು ನನ್ನ ನಂಬಿ ತೋರ್ಸಿದ್ದು ಸರ್."

"ಅದಕ್ಕೇ ನೀವು ನಮ್ಗೆ ಮುಖ್ಯ. ನಾನು ಹೋದ್ರೆ ಯಾರು ತೋರಿಸ್ತಾರೆ? ಈಗ ನಾವು ವಾಪಸ್ ತಗೊಂಡ್ರೂ ನೀಲಿಯವರು ತಗೊಳ್ಳಲ್ಲ, ಕೆಂಪಿನವರು ತಗೊಳ್ಳಲ್ಲ. ನಾಲ್ಕು ದೇಶದಲ್ಲಿ ನೋಡಿದ್ದೀನಿ. ಏಷ್ಯಾದ ಮಾರ್ಕೆಟ್‌ನಲ್ಲಿ ನಿಂತವನ ಕಥೆ ಮುಗೀತು."

"ನನ್ನ ತಂಗಿ ಮಗಳು ಬಟ್ಟೆ ಸೋಪಲ್ಲಿ ತಲೆ ತೊಳ್ಕೊಂಡ್ಳು ಸರ್."

ಅವನು ಎದ್ದು ಬೋರ್ಡಿನ ಹತ್ತಿರ ಹೋದ. ಮಾರಾಟದ ಗೆರೆ ಎರಡು ತಿಂಗಳು ಮೇಲೇರಿ, ಮೂರನೆಯ ತಿಂಗಳು ಬಾಗಿತ್ತು. "ಇಲ್ಲಿ ನೋಡಿ. ಏರಬೇಕಾದ್ದು ಇಳೀತಿದೆ. ಹೆಂಗಸರು ಮತ್ತೆ ಏನೋ ದಾರಿ ಹುಡ್ಕೊಂಡಿದ್ದಾರೆ. ಅದೇನು ಅಂತ ನಮ್ಗೆ ಗೊತ್ತಾಗ್ಬೇಕು, ನೀಲಿಯವರಿಗಿಂತ ಮೊದಲು." ಈ ಸಲದ ಫಾರಂನ ಕೊನೆಯಲ್ಲಿ ಒಂದು ಹೊಸ ಚೌಕ ಹಾಕಿಸಿದ್ದ. ಮೇಲೆ 'ಕಂಡದ್ದು' ಎಂದಿತ್ತು. ಹೆಂಗಸರು ಹೇಳಿದ್ದು ಮೇಲೆ, ಅಕ್ಕ ಕಣ್ಣಿಂದ ಕಂಡದ್ದು ಈ ಚೌಕದಲ್ಲಿ.

ಟ್ಯಾಬನ್ನು ಅವನ ಬೋರ್ಡಿಗೆ ಬೀಸಿ ಒಗೆಯಬೇಕು ಅನ್ನಿಸಿತು. ಒಗೆದರೆ ಇನ್ನೊಬ್ಬಳನ್ನು ಕಳಿಸುತ್ತಾನೆ. ಅವಳು ನೋಡುತ್ತಾಳೆ, ಬರೆಯುತ್ತಾಳೆ, ಆರು ತಿಂಗಳಿಗೆ ಇನ್ನೊಂದು ಪ್ಯಾಕೆಟ್ ಬರುತ್ತದೆ. ಫಾರಂ ಅಕ್ಕ ಹಲ್ಲು ಕಚ್ಚಿ ಟ್ಯಾಬ್ ಚೀಲಕ್ಕೆ ಹಾಕಿಕೊಂಡಳು. ಹೋಗಿ ಸುಳ್ಳು ಬರೆಯುವುದೆಂದು ನಿರ್ಧರಿಸಿದಳು. ಇಪ್ಪತ್ತಾರು ವರ್ಷದ ಗರ್ವ ಮಣ್ಣುಪಾಲಾಗಲಿ. ಆ ಗರ್ವದಿಂದ ಯಾರ ಕೂದಲು ನೆನೆದಿದೆ?

ನಲವತ್ತು ಮನೆ, ತಂಗಿಯ ಬೀದಿಯ ಸುತ್ತಮುತ್ತಲೇ. ತಂಗಿಯ ಮನೆ ಲೆಕ್ಕದಲ್ಲಿ ಬರಲಿಲ್ಲ, ಬಂದಿದ್ದರೂ ಅವಳು ದಾಟಿಕೊಂಡು ಹೋಗುತ್ತಿದ್ದಳು. ಮೊದಲ ಮನೆಯ ಹೆಂಗಸು ಬಾಗಿಲನ್ನು ಅರ್ಧ ತೆರೆದು, ಅಡ್ಡ ಕಾಲಿಟ್ಟು ನಿಂತಳು. ಹೋದ ಸಲ ಕೈ ಹಿಡಿದು ಒಳಗೆ ಎಳೆದು, ಪಿನ್ನು ಹಾಕಿದ ಪ್ಯಾಕೆಟ್ ತೋರಿಸಿದವಳು ಅವಳೇ.

"ಒಂದು ಪ್ಯಾಕೆಟ್ ಎಷ್ಟು ಜನಕ್ಕೆ ಬರುತ್ತೆ?"

"ತಲೆಗೊಂದು."

ಅವಳ ಹಿಂದೆ ಬಚ್ಚಲ ಕಿಟಕಿಯಲ್ಲಿ ಟಾನಿಕ್ಕಿನ ಬಾಟಲಿ ಕಾಣುತ್ತಿತ್ತು, ಅರ್ಧಕ್ಕೆ ತೆಳು ಹಸಿರು. ಫಾರಂ ಅಕ್ಕನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಎರಡು ಪ್ಯಾಕೆಟ್ ಹರಿದು ಬಾಟಲಿಗೆ ಸುರಿದು ನೀರು ಬೆರೆಸಿಟ್ಟರೆ, ಮುಚ್ಚಳದಲ್ಲಿ ಅಳೆದುಕೊಂಡು ತಿಂಗಳು ಓಡಿಸಬಹುದು. ಹೆಂಗಸು ಅವಳ ಕಣ್ಣು ಹೋದ ಕಡೆ ನೋಡಿ ಬಾಗಿಲನ್ನು ಇನ್ನಷ್ಟು ಮುಚ್ಚಿದಳು.

ಎರಡನೆಯ ಮನೆಯಲ್ಲೂ ತಲೆಗೊಂದು. ಮೂರನೆಯದರಲ್ಲೂ ತಲೆಗೊಂದು. ಕೆಮ್ಮಿನ ಔಷಧಿ ಬಾಟಲಿ, ಎಣ್ಣೆ ಬಾಟಲಿ, ಒಂದು ಮನೆಯಲ್ಲಿ ಮಗುವಿನ ಹಾಲಿನ ಬಾಟಲಿ. ಎಲ್ಲೆಲ್ಲೂ ಅದೇ ತೆಳು ಹಸಿರು, ಎಲ್ಲೆಲ್ಲೂ ಅದೇ ಉತ್ತರ. ಅತ್ತೆಯ ಮಾತಿಲ್ಲ, ಮೊಣಕಾಲಿನ ಮಾತಿಲ್ಲ. ಕ್ಲಿಪ್ಪಿನ ಸಂಗತಿ ಕಂಪನಿಗೆ ಮುಟ್ಟಿಸಿದವಳು ಇವಳೇ ಎಂದು ತಂಗಿ ಫ್ಯಾಕ್ಟರಿ ಬಸ್ಸಿನಲ್ಲಿ ಹೇಳಿರಬೇಕು, ಬಸ್ಸು ಬೀದಿಗೆ ಹೇಳಿರಬೇಕು. ಅವರಿಗಾಗಿ ಸುಳ್ಳು ಬರೆಯಲು ಅವಳು ಎದೆ ಗಟ್ಟಿಮಾಡಿಕೊಂಡು ಬಂದಿದ್ದಳು. ಅವರು ಅವಳಿಗೇ ಸುಳ್ಳು ಹೇಳಿ ಕಳಿಸುತ್ತಿದ್ದರು.

ಗುಂಡಿ ಅಜ್ಜಿ ಬಾಗಿಲು ತೆರೆದಾಗ ಮುದುಕಿಯ ತಲೆ ಒದ್ದೆಯಿತ್ತು. ಒಂದು ಕೈ ಬೆನ್ನ ಹಿಂದೆ. ಮೊಣಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ತಲೆಗೊಂದು ಪ್ಯಾಕೆಟ್. ಬರ್ಕೋ" ಅಂದಳು, ಪ್ರಶ್ನೆ ಕೇಳುವ ಮೊದಲೇ.

"ಅಜ್ಜಿ, ನಿಮ್ಗೆ ತಿಂಗಳಿಗೆ ಒಂದು ಸಾಕಾಗ್ತಿತ್ತಲ್ಲ."

"ಈಗ ಕೂದಲು ಜಾಸ್ತಿ ಬಂದಿದೆ."

ಮುದುಕಿ ಮುಖ ಸಡಿಲಿಸಲಿಲ್ಲ. ಮೊದಲಿನ ದಿನಗಳಲ್ಲಾಗಿದ್ದರೆ ಇಬ್ಬರೂ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಫಾರಂ ಅಕ್ಕ ತಲೆಗೊಂದು ಎಂದು ಬರೆದುಕೊಂಡಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನಿಯಮ. ಕಂಡದ್ದು ಎಂಬ ಚೌಕವನ್ನು ನಲವತ್ತು ಫಾರಂನಲ್ಲೂ ಖಾಲಿ ಬಿಟ್ಟಳು. ಅವಳು ಬಾಗಿಲು ತಟ್ಟಿ ಬಂದ ಇಷ್ಟು ವರ್ಷಗಳಲ್ಲಿ ಕಂಡೂ ಬರೆಯದೆ ಬಿಟ್ಟದ್ದು ಅದೇ ಮೊದಲು.

ಬಾಣದ ಸಾಹೇಬ ಫಾರಂಗಳನ್ನು ನೋಡಿ ಮೇಜು ಕುಟ್ಟಿದ. "ನೋಡಿ, ಅಭ್ಯಾಸಾನೇ ಬದಲಾಯ್ಸಿಬಿಟ್ಟಿದ್ದೀವಿ. ತಲೆಗೊಂದು ಪ್ಯಾಕೆಟ್. ಹಾಗಾದ್ರೆ ಇಳೀತಿರೋದು ಪ್ಯಾಕೆಟ್ಟಿಂದಲ್ಲ, ವಾಸನೆಯಿಂದ." ಬೋರ್ಡಿನ ಮೇಲೆ ಮೂಗಿನ ಚಿತ್ರ ಬರೆದು ಅದಕ್ಕೊಂದು ಬಾಣ ಎಳೆದ. ಹೊಸ ವಾಸನೆಗೆ, ಹೊಸ ನಟಿಗೆ, ಊರ ತುಂಬ ಹೊಸ ಬೋರ್ಡುಗಳಿಗೆ ಅಂದೇ ಒಪ್ಪಿಗೆ ಹೋಯಿತು. ಫಾರಂ ಅಕ್ಕ ಆಫೀಸಿನ ಮೆಟ್ಟಿಲ ತಿರುವಿನಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಸುರೀಲಿ, ದುಡ್ಡನ್ನೆಲ್ಲ ಮೂಗಿಗೇ ಸುರೀಲಿ ಅಂದುಕೊಂಡಳು. ಹಾಗೆ ನಕ್ಕರೂ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

ಆದರೂ ಹೇಳಿಕೊಳ್ಳಲು ಈಗ ಅವಳಿಗೆ ಒಂದು ಸಂಗತಿ ಸಿಕ್ಕಿತ್ತು. ಭಾನುವಾರ ಬರಲೆಂದು ಕಾದಳು. ಏಳು ವಾರಗಳ ನಂತರ ಮತ್ತೆ ತಂಗಿಯ ಮನೆಯ ಕಡೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ನಿನ್ನ ಬಾಟಲಿ ಉಳಿಸಿದ್ದು ನಾನು ಕಣೆ ಅನ್ನಬೇಕು. ಮೊದಲು ಬೈಯಲಿ, ಬೈಸಿಕೊಳ್ಳೋಣ, ಆಮೇಲೆ ಚಾಕು ತಗೊಂಡು ಗೋಡೆಗೆ ಒರಗಿ ಕೂತರಾಯಿತು.

ಬಾಗಿಲು ಚಿಲಕ ಹಾಕಿತ್ತು. ತಟ್ಟಿದಳು. ತಂಗಿ ತೆರೆದಳು, ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಮುಂದಿನ ಕೋಣೆಯಲ್ಲಿ ಹಾಕಿದಳು.

"ಕೂತ್ಕೊಳ್ಳಿ."

ಫಾರಂ ಅಕ್ಕ ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತದ್ದಿಲ್ಲ. ಕೂತಳು. ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು.

"ನಾನು ಬರೀಲಿಲ್ಲ ಕಣೆ. ನಲವತ್ತು ಮನೇಲೂ ಬಾಟಲಿ ಕಂಡೆ, ಒಂದನ್ನೂ ಬರೀಲಿಲ್ಲ. ಅವನು ವಾಸನೆ ಅಂತ ತಿಳ್ಕೊಂಡು ಮೂಗಿನ ಹಿಂದೆ ಬಿದ್ದಿದ್ದಾನೆ. ಇನ್ನು ನಿನ್ನ ಬಾಟಲಿ ತಂಟೆಗೆ ಯಾರೂ ಬರಲ್ಲ."

"ಯಾವ ಬಾಟಲಿ?" ಅಂದಳು ತಂಗಿ.

"ಶಾಂಪೂದು. ನೀನು ಕೂಡ ಹಾಗೇ ಮಾಡ್ತಿರ್ತೀಯ, ನಂಗೆ ಗೊತ್ತಿಲ್ವಾ?"

"ನಮ್ಮನೇಲಿ ಬಾಟಲಿ ಗೀಟಲಿ ಇಲ್ಲ ಮೇಡಂ. ತಲೆಗೊಂದು ಪ್ಯಾಕೆಟ್. ಬರ್ಕೊಳ್ಳಿ."

ಫಾರಂ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ನಿನ್ನ ತಲೆ ತೊಳೆದವಳು ನಾನು ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಒಳಗೆ, ಮುಚ್ಚಿದ ಬಚ್ಚಲ ಬಾಗಿಲ ಹಿಂದೆ, ಯಾರೋ ನೀರು ತುಂಬಿದ ಬಾಟಲಿಯನ್ನು ಗಟ್ಟಿಯಾಗಿ ಕುಲುಕಿದರು. ಚಿಕ್ಕವಳು ಕಿಸಕ್ಕನೆ ನಕ್ಕಳು, ದೊಡ್ಡವಳು ಅವಳ ಬಾಯಿ ಮುಚ್ಚಿದಳು. ಕುರ್ಚಿಯಲ್ಲಿದ್ದವಳಿಗೂ ನಿಂತವಳಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ತಂಗಿ ಅಕ್ಕನ ಮುಖವನ್ನೇ ನೋಡುತ್ತ, ಅವಳು ಎದ್ದು ಹೋಗುವವರೆಗೂ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತೇ ಇದ್ದಳು.